ಧೂಮಪಾನವೂ ಜನ್ಮಪ್ರಕೃತಿಯೂ: ಫಿಷರರ ವಾದದ ವಿಮರ್ಶೆ

೧

ಹುಟ್ಟುಗುಣ ಸುಟ್ಟರೂ ಹೋಗದೆಂಬುದು ಲೋಕೋಕ್ತಿ. ಮನುಷ್ಯನ ನಡತೆಗೆ ಅವನ ಹುಟ್ಟೇ ಮೂಲವೆನ್ನುವ ಈ ಮಾತಿಗೆ ಗಣಿತದ ಉಡುಪನ್ನು ತೊಡಿಸಿ, ಒಂದು ಮಹಾವ್ಯಾಧಿಯ ಕಾರಣವಿಚಾರದಲ್ಲಿ ಅದನ್ನು ಮುಂದಿಟ್ಟ ಪುಸ್ತಕವೊಂದುಂಟು. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರಾದ ಸರ್ ರೊನಾಲ್ಡ್ ಫಿಷರರು ೧೯೫೭-೫೮ರಲ್ಲಿ ಪತ್ರಿಕೆಗಳಿಗೆ ಬರೆದ ಪತ್ರಗಳೂ ಲೇಖನಗಳೂ ಸೇರಿ ೧೯೫೯ರಲ್ಲಿ ಎಡಿನ್‌ಬರೋ ನಗರದಲ್ಲಿ ಹೊತ್ತಗೆಯಾಗಿ ಹೊರಬಂದುವು. ಅದರ ಹೆಸರನ್ನು ಕನ್ನಡದಲ್ಲಿ 'ಧೂಮಪಾನ: ಕ್ಯಾನ್ಸರಿನ ವಿವಾದ' ಎನ್ನಬಹುದು. ಗಾತ್ರದಲ್ಲಿ ಅದು ಬಹಳ ಕಿರಿದು. ಅದರಿಂದ ಎದ್ದ ಪ್ರಶ್ನೆಯಾದರೋ ಇಂದಿಗೂ ಮುಗಿದಿಲ್ಲ. ಹೊಗೆಬತ್ತಿಯ ಚಟಕ್ಕೂ ಮದ್ಯದ ಚಟಕ್ಕೂ ಸಂಬಂಧಿಸಿದ ವಂಶವಾಹಿಗಳು ಸಾವಿರಗಟ್ಟಲೆಯಾಗಿ ಬೆಳಕಿಗೆ ಬಂದಿರುವ ಈ ಕಾಲದಲ್ಲಿ, ಫಿಷರರು ಹೇಳಿದ್ದೇ ನಿಜವಾಯಿತಲ್ಲವೆ ಎಂದು ಕೇಳುವವರು ಇಲ್ಲದಿಲ್ಲ. ಆದಕಾರಣ ಆ ವಾದವನ್ನು ಮತ್ತೊಮ್ಮೆ ಆಮೂಲಾಗ್ರವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ವಾದವನ್ನು ಹೂಡಿದವರು ಸಾಮಾನ್ಯರಲ್ಲ. ಫಿಷರರು ೧೮೯೦ರಲ್ಲಿ ಜನಿಸಿ ೧೯೬೨ರಲ್ಲಿ ತೀರಿಕೊಂಡರು. ರಾಥಮ್‌ಸ್ಟೆಡ್ ಎಂಬಲ್ಲಿನ ಕೃಷಿಸಂಶೋಧನಾಲಯದಲ್ಲಿ ಅವರು ನಡೆಸಿದ ಕೆಲಸದಿಂದ ಪ್ರಯೋಗಗಳನ್ನು ಏರ್ಪಡಿಸುವ ಶಾಸ್ತ್ರವೇ ಹೊಸದಾಯಿತು. ೧೯೩೦ರಲ್ಲಿ ಪ್ರಕಟವಾದ ಅವರ ಗ್ರಂಥವು ಮೆಂಡೆಲನ ಆನುವಂಶಿಕ ನಿಯಮಗಳನ್ನು ಡಾರ್ವಿನನ ವಿಕಾಸವಾದದೊಡನೆ ಸಮನ್ವಯಗೊಳಿಸಿತು. ೧೯೪೩ರಿಂದ ೧೯೫೭ರವರೆಗೆ ಅವರು ಕೇಂಬ್ರಿಜ್ಜಿನಲ್ಲಿ ವಂಶಶಾಸ್ತ್ರದ ಆಚಾರ್ಯರಾಗಿದ್ದರು. ಇಂದಿನ ಕರ್ಣಾಟಕದ ಹೂವಿನ ಹಡಗಲಿಯಲ್ಲಿ ಹುಟ್ಟಿ ಸಂಖ್ಯಾಶಾಸ್ತ್ರದಲ್ಲಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು ಡಾಕ್ಟರ್ ಪದವಿಯನ್ನು ಪಡೆದುದು ಅವರ ಶಿಷ್ಯರಾಗಿಯೇ. ಹೀಗೆ ಸಂಖ್ಯಾಶಾಸ್ತ್ರ ವಂಶಶಾಸ್ತ್ರಗಳೆರಡರಲ್ಲಿಯೂ ಪಾರಂಗತರಾಗಿದ್ದವರು, ಎರಡಕ್ಕೂ ಸೇರಿದ ಪ್ರಶ್ನೆಯೊಂದರಲ್ಲಿಯೇ ಎಡವಿದರು. ಎಡವಿದುದು ಎಲ್ಲಿ, ಎಡವದೆ ನಡೆದುದು ಎಷ್ಟು ದೂರ ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

೨

ಪೂರ್ವಪಕ್ಷವನ್ನು ಮೊದಲು ಸರಿಯಾಗಿ ತಿಳಿಯಬೇಕು. ಇಂಗ್ಲೆಂಡು ಮತ್ತು ವೇಲ್ಸ್ ದೇಶಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರೆಂದು ದಾಖಲೆಯಾದವರು ೧೯೨೨ರಲ್ಲಿ ೬೧೨ ಮಂದಿ; ೧೯೪೭ರಲ್ಲಿ ೯,೨೮೭ ಮಂದಿ. ಇಪ್ಪತ್ತೈದು ವರ್ಷಗಳಲ್ಲಿ ಹದಿನೈದು ಪಟ್ಟಿನ ಈ ಏರಿಕೆಗೆ ಕಾರಣವನ್ನು ಹುಡುಕಹೊರಟ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬವರು ೧೯೫೦ರಲ್ಲಿ ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ, ಧೂಮಪಾನಕ್ಕೂ ಈ ರೋಗಕ್ಕೂ ಗಾಢವಾದ ಸಾಹಚರ್ಯವಿರುವುದನ್ನು ತೋರಿಸಿಕೊಟ್ಟರು. ೧೯೫೧ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪ್ರಶ್ನಾವಳಿಯನ್ನು ಕಳುಹಿಸಿ, ಉತ್ತರವಿತ್ತ ಸುಮಾರು ನಲವತ್ತು ಸಾವಿರ ಮಂದಿಯ ಮುಂದಿನ ಆಯುಸ್ಸನ್ನು ಗಮನಿಸತೊಡಗಿದರು. ಅಲ್ಲಿಯೂ ಅದೇ ಫಲ ಕಂಡಿತು. ಧೂಮಪಾನವೇ ಕಾರಣವೆಂಬ ಅಭಿಪ್ರಾಯ ಬಲವಾಗಿ, ಜನರನ್ನು ಎಚ್ಚರಿಸಬೇಕೆಂಬ ಮಾತು ವೈದ್ಯಪತ್ರಿಕೆಗಳಲ್ಲಿ ಹೊರಟಿತು.

ಫಿಷರರು ಇದಕ್ಕೆ ಅಡ್ಡ ನಿಂತರು. ಸಾಹಚರ್ಯವನ್ನು ಅವರು ಅಲ್ಲಗಳೆಯಲಿಲ್ಲ; ಸಾಹಚರ್ಯದಿಂದ ಕಾರಣತ್ವವು ಸಿದ್ಧಿಸುವುದಿಲ್ಲವೆಂದಷ್ಟೇ ಅವರ ಆಕ್ಷೇಪ. ಅವರ ಪ್ರಕಾರ ಪಕ್ಷಗಳು ಮೂರು: ಧೂಮಪಾನವು ರೋಗಕ್ಕೆ ಕಾರಣವಾಗಿರಬಹುದು, ರೋಗದ ಪೂರ್ವಾವಸ್ಥೆಯ ಕಿರಿಕಿರಿಯೇ ಮನುಷ್ಯನನ್ನು ಧೂಮಪಾನಕ್ಕೆ ಪ್ರೇರಿಸಬಹುದು, ಅಥವಾ ಇವೆರಡಕ್ಕೂ ಮೂಲವಾದ ಮೂರನೆಯದೊಂದು ಇರಬಹುದು. ಆ ಮೂರನೆಯದು ಜನ್ಮಪ್ರಕೃತಿ, ಎಂದರೆ ತಾಯಿತಂದೆಗಳಿಂದ ಬಂದ ವಂಶವಾಹಿಗಳ ಸಮುದಾಯ. ಯಾವ ಪ್ರಕೃತಿಯವನು ಸಿಗರೇಟಿಗೆ ಒಲಿಯುವನೋ ಆ ಪ್ರಕೃತಿಯವನಿಗೇ ಕ್ಯಾನ್ಸರು ಬರುವ ಸಂಭವವೂ ಹೆಚ್ಚಾಗಿದ್ದರೆ, ಹೊಗೆಯು ನಿರಪರಾಧಿಯಾಗಬಹುದಷ್ಟೆ.

ನಮ್ಮ ತರ್ಕಶಾಸ್ತ್ರವನ್ನು ಬಲ್ಲವರಿಗೆ ಈ ಆಕ್ಷೇಪ ಹೊಸದಾಗಿ ತೋರದು. ವ್ಯಾಪ್ತಿಯನ್ನು ಕೆಡಿಸುವ ಅಂತಹ ಮೂರನೆಯ ವಸ್ತುವಿಗೆ ನೈಯಾಯಿಕರು ಉಪಾಧಿಯೆಂದು ಹೆಸರಿಟ್ಟಿದ್ದಾರೆ. ಮಿತ್ರೆಯೆಂಬವಳ ಮಕ್ಕಳೆಲ್ಲ ಕಪ್ಪು. ಆದುದರಿಂದ ಇನ್ನೂ ಕಾಣದ ಅವಳ ಮಗನೂ ಕಪ್ಪಾಗಿರಬೇಕು, ಮಿತ್ರೆಯ ಮಗನಾದುದರಿಂದ, ಎಂಬುದು ಅವರು ಕೊಡುವ ಪ್ರಸಿದ್ಧವಾದ ದುಷ್ಟಾನುಮಾನ. ಕಪ್ಪಿಗೆ ಕಾರಣ ಮಿತ್ರೆಯ ಮಗನಾಗಿರುವುದಲ್ಲ, ಗರ್ಭಿಣಿಯಾಗಿದ್ದಾಗ ಅವಳು ತಿಂದ ಸೊಪ್ಪಿನ ಪರಿಣಾಮ ಎಂಬುದು ಅಲ್ಲಿಯ ಉಪಾಧಿ. ಆ ಉದಾಹರಣೆಯಲ್ಲಿ ಹುಟ್ಟನ್ನು ಹೇತುವೆಂದವನಿಗೆ ಆಹಾರವನ್ನು ತೋರಿಸಿ ಉತ್ತರ ಕೊಡಲಾಗಿದೆ. ಫಿಷರರು ಅದನ್ನು ತಿರುವುಮುರುವಾಗಿಸಿದರು: ಸೇವನೆಯನ್ನು ಹೇತುವೆಂದವರಿಗೆ ಹುಟ್ಟನ್ನು ಉಪಾಧಿಯಾಗಿ ತೋರಿಸಿದರು. ಆಕ್ಷೇಪದ ಆಕಾರದಲ್ಲಿ ದೋಷವಿಲ್ಲ. ಜನರನ್ನು ಮನಬಂದಂತೆ ವಿಂಗಡಿಸಿ ಅರ್ಧ ಜನರಿಗೆ ಬಾಲ್ಯದಿಂದ ಸಿಗರೇಟು ಸೇದಿಸುವ ಪ್ರಯೋಗ ಸಾಧ್ಯವಿಲ್ಲವಾದುದರಿಂದ, ಉಪಾಧಿಯ ಶಂಕೆ ಇಂತಹ ವಿಚಾರದಲ್ಲಿ ಏಳಲೇಬೇಕು.

೩

ಫಿಷರರು ಶಂಕೆಯಲ್ಲಿಯೇ ನಿಲ್ಲದೆ ಆಧಾರವನ್ನೂ ಕೊಟ್ಟರು. ಅದು ಅವಳಿಗಳ ಲೆಕ್ಕ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೆ ವಂಶವಾಹಿಗಳು ಸಮಾನ. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳು ಸಾಮಾನ್ಯರಾದ ಒಡಹುಟ್ಟಿದವರಂತೆ. ಇವರಿಬ್ಬರಲ್ಲಿ ಮೊದಲನೆಯವರ ನಡತೆ ಹೆಚ್ಚು ಹೊಂದಿಕೊಂಡಿದ್ದರೆ, ಆ ನಡತೆಯಲ್ಲಿ ವಂಶಗುಣದ ಪಾತ್ರವುಂಟೆಂದು ಊಹಿಸಬಹುದು. ಜರ್ಮನಿಯಿಂದ ಬಂದ ಗಂಡು ಅವಳಿಗಳ ವರದಿಯಲ್ಲಿ ಏಕಾಂಡದ ೫೧ ಜೊತೆಗಳಿದ್ದುವು. ಅವುಗಳಲ್ಲಿ ಧೂಮಪಾನದ ವಿಷಯದಲ್ಲಿ ಸ್ಪಷ್ಟವಾಗಿ ಭೇದವಿದ್ದುದು ೧೨ರಲ್ಲಿ, ಎಂದರೆ ನೂರಕ್ಕೆ ೨೪ರಷ್ಟು. ದ್ವ್ಯಂಡದ ೩೧ ಜೊತೆಗಳಲ್ಲಿ ೧೬ರಲ್ಲಿ ಭೇದವಿತ್ತು, ಎಂದರೆ ಅರ್ಧಕ್ಕಿಂತ ಹೆಚ್ಚು. ಒಟ್ಟಿಗೆ ಬೆಳೆದುದೇ ಈ ಹೊಂದಿಕೆಗೆ ಕಾರಣವಾಗಿರಬಾರದೇಕೆ ಎಂಬ ಪ್ರಶ್ನೆಗೆ ಲಂಡನ್ನಿನ ಹೆಣ್ಣು ಅವಳಿಗಳ ವರದಿ ಉತ್ತರವಾಯಿತು. ಏಕಾಂಡದ ೫೩ ಜೊತೆಗಳಲ್ಲಿ ೨೭ ಜೊತೆಗಳು ಹುಟ್ಟಿದೊಡನೆಯೇ ಬೇರೆಯಾಗಿ ಬೆಳೆದವು. ಅವುಗಳಲ್ಲಿ ೨೩ ಜೊತೆಗಳು ಧೂಮಪಾನದಲ್ಲಿ ಒಂದೇ ರೀತಿಯಾಗಿದ್ದುವು. ಒಟ್ಟಿಗೆ ಬೆಳೆದ ೨೬ರಲ್ಲಿ ಹಾಗಿದ್ದುವು ೨೧.

ಜರ್ಮನಿಯ ಲೆಕ್ಕವನ್ನು ಕಳುಹಿಸಿದ ಫಾನ್ ಫರ್ಶೂಯರ್ ಎಂಬವರು ನಾತ್ಸಿ ಆಡಳಿತದ ಜನಾಂಗನೀತಿಗೆ ವಿದ್ವತ್ತಿನ ಬೆಂಬಲವನ್ನು ಒದಗಿಸಿದವರೆಂದು ಕುಖ್ಯಾತರು. ಫಿಷರರು ತಂಬಾಕಿನ ತಯಾರಕರ ಸಮಿತಿಗೆ ಸಲಹೆಗಾರರಾಗಿದ್ದರೆಂಬುದೂ ಸತ್ಯ. ಈ ಎರಡನ್ನೂ ಮುಚ್ಚಿಡಬೇಕಾದುದಿಲ್ಲ. ಆದರೆ ಇವುಗಳಿಂದಲೇ ವಾದವು ಬಿದ್ದುಹೋಯಿತೆಂದು ತಿಳಿಯುವುದೂ ಸಲ್ಲದು. ಹೇಳಿದವನ ಚರಿತ್ರೆಯು ಶಂಕೆಗೆ ಎಡೆಮಾಡಬಹುದು, ಖಂಡನಕ್ಕೆ ಬದಲಾಗಲಾರದು. ಅಲ್ಲದೆ, ಧೂಮಪಾನದಲ್ಲಿ ವಂಶಗುಣದ ಪಾತ್ರವುಂಟೆಂಬ ಫಿಷರರ ಮೊದಲನೆಯ ಪ್ರತಿಜ್ಞೆಯನ್ನು ಮುಂದಿನ ಅರುವತ್ತು ವರ್ಷಗಳ ಸಂಶೋಧನವು ಅಲ್ಲಗಳೆದಿಲ್ಲ, ದೃಢಪಡಿಸಿದೆ. ಇಷ್ಟರ ಮಟ್ಟಿಗೆ ಗೌರವವು ಅವರಿಗೆ ಸಲ್ಲತಕ್ಕದ್ದು.

ದೋಷವಿರುವುದು ಮುಂದಿನ ಹೆಜ್ಜೆಯಲ್ಲಿ. ಉಪಾಧಿಯು ಉಪಾಧಿಯಾಗಬೇಕಾದರೆ ಎರಡು ಕಡೆಗೂ ಅಂಟಿಕೊಂಡಿರಬೇಕು. ಜನ್ಮಪ್ರಕೃತಿಗೂ ಧೂಮಪಾನಕ್ಕೂ ಇರುವ ಸಂಬಂಧವನ್ನು ಅವಳಿಗಳು ತೋರಿಸುತ್ತಾರೆ. ಅದೇ ಪ್ರಕೃತಿಗೂ ಕ್ಯಾನ್ಸರಿಗೂ, ಹೊಗೆಯ ನೆರವಿಲ್ಲದೆಯೇ, ಸಂಬಂಧವುಂಟೆಂಬುದನ್ನು ಯಾರು ತೋರಿಸಿದರು? ಪುಸ್ತಕದಲ್ಲಿ ಆ ಭಾಗ ಬರಿದು. ಅಲ್ಲಿ ಸಾಕ್ಷ್ಯದ ಬದಲು 'ಇರಬಹುದು' ಎಂಬ ಮಾತು ಮಾತ್ರ ಇದೆ. ಎದುರುಪಕ್ಷದವರ ಪ್ರತಿಯೊಂದು ಅಂಕೆಯನ್ನೂ ಒರೆಗೆ ಹಚ್ಚಿ ನೋಡಿದ ವಿಮರ್ಶಕರು ತಮ್ಮ ಪಕ್ಷದ ಅರ್ಧವನ್ನು ಒರೆಗೆ ಹಚ್ಚದೆಯೇ ಬಿಟ್ಟರು.

೪

ಉಪಾಧಿಯ ಹೆಸರನ್ನು ಹೇಳಿದರೆ ಸಾಲದು, ಅದರ ತೂಕವನ್ನೂ ಹೇಳಬೇಕೆಂಬುದನ್ನು ೧೯೫೯ರಲ್ಲಿಯೇ ಅಮೆರಿಕದ ಜೆರೋಮ್ ಕಾರ್ನ್‌ಫೀಲ್ಡ್ ಮೊದಲಾದ ಆರು ಮಂದಿ ವಿದ್ವಾಂಸರು ತೋರಿಸಿಕೊಟ್ಟರು. ಅವರ ಯುಕ್ತಿ ಸರಳವಾದುದು. ಸೇದುವವರಲ್ಲಿ ರೋಗವು ಸೇದದವರಿಗಿಂತ ಒಂಬತ್ತು ಪಟ್ಟು ಹೆಚ್ಚಾಗಿದೆಯೆಂದು ಇಟ್ಟುಕೊಳ್ಳೋಣ. ಹೊಗೆಯು ನಿರಪರಾಧಿಯಾಗಿದ್ದು ಈ ಹೆಚ್ಚಳವೆಲ್ಲವೂ ಒಂದು ಗುಪ್ತಗುಣದಿಂದಲೇ ಬಂದುದಾದರೆ, ಆ ಗುಣವು ಸೇದುವವರಲ್ಲಿ ಸೇದದವರಿಗಿಂತ ಒಂಬತ್ತು ಪಟ್ಟಿಗೆ ಕಡಮೆಯಿಲ್ಲದಂತೆ ಹೆಚ್ಚಾಗಿರಲೇಬೇಕು. ಅಷ್ಟು ಪ್ರಬಲವಾದ ಗುಣವು ಕಣ್ಣಿಗೆ ಬೀಳದೆ ಅಡಗಿರುವುದು ಹೇಗೆ? ಸಂಖ್ಯಾಶಾಸ್ತ್ರದ ಮಹಾಚಾರ್ಯರಾಗಿದ್ದ ಫಿಷರರಿಗೆ ಈ ಗಣಿತ ಅಸಾಧ್ಯವಾಗಿರಲಿಲ್ಲ. ಅವರು ಅದನ್ನು ಮಾಡಲಿಲ್ಲವೆಂಬುದೇ ಪುಸ್ತಕದ ಅತ್ಯಂತ ದೊಡ್ಡ ಕೊರತೆ.

ಎರಡನೆಯದು ಕಾಲದ ಸಾಕ್ಷ್ಯ. ಒಂದು ದೇಶದ ಜನರ ವಂಶವಾಹಿಗಳು ಇಪ್ಪತ್ತೈದು ವರ್ಷಗಳಲ್ಲಿ ಗಣನೀಯವಾಗಿ ಬದಲಾಗುವುದಿಲ್ಲ. ರೋಗವು ಆ ಅವಧಿಯಲ್ಲಿ ಹದಿನೈದು ಪಟ್ಟು ಏರಿತು. ಈ ಏರಿಕೆಯಲ್ಲಿ ರೋಗನಿರ್ಣಯದ ಸುಧಾರಣೆಗೂ ಪಾಲಿರಬಹುದು. ಆದರೆ ಜನ್ಮಪ್ರಕೃತಿಗೆ ಪಾಲಿರಲಾರದು. ಇದಕ್ಕೆ ಫಿಷರರು, ಹೆಂಗಸರಲ್ಲಿ ಧೂಮಪಾನ ಹೆಚ್ಚುತ್ತಿದ್ದರೂ ರೋಗವು ಗಂಡಸರಲ್ಲಿಯೇ ಹೆಚ್ಚು ವೇಗವಾಗಿ ಏರುತ್ತಿದೆಯಲ್ಲವೆ ಎಂದು ಪ್ರತಿಯಾಗಿ ಕೇಳಿದರು. ಆಗ ಅದು ತೊಡಕಾದ ಪ್ರಶ್ನೆಯಾಗಿದ್ದಿರಬಹುದು. ಚಟ ಹಿಡಿದ ಮೇಲೆ ರೋಗ ಕಾಣಿಸಿಕೊಳ್ಳುವುದಕ್ಕೆ ದಶಕಗಳು ಬೇಕಾಗುತ್ತವೆಂಬುದನ್ನು ಕಾಲವೇ ತಿಳಿಸಿತು. ಅಮೆರಿಕದ ಹೆಂಗಸರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಸ್ತನದ ಕ್ಯಾನ್ಸರಿನ ಸಾವನ್ನು ಮೀರಿದುದು ೧೯೮೭ರಲ್ಲಿ. ಫಿಷರರು ಕೇಳಿದ ಪ್ರಶ್ನೆಗೆ ಆ ಹೆಂಗಸರು ತಮ್ಮ ಪ್ರಾಣದಿಂದ ಉತ್ತರ ಕೊಟ್ಟರು.

ಮೂರನೆಯದು ಬಿಟ್ಟವರ ಸಾಕ್ಷ್ಯ. ಸಿಗರೇಟನ್ನು ಬಿಟ್ಟವನು ತನ್ನ ಹುಟ್ಟನ್ನು ಬಿಡುವುದಿಲ್ಲ. ಹುಟ್ಟೇ ರೋಗಕ್ಕೆ ಕಾರಣವಾದರೆ ಬಿಟ್ಟುದರಿಂದ ಫಲವಿರಬಾರದು. ಬ್ರಿಟನ್ನಿನ ವೈದ್ಯರನ್ನು ಕುರಿತ ಅಧ್ಯಯನದ ಐವತ್ತು ವರ್ಷಗಳ ಫಲವು ೨೦೦೪ರಲ್ಲಿ ಪ್ರಕಟವಾಯಿತು. ಸೇದುತ್ತಲೇ ಹೋದವರು ಸೇದದವರಿಗಿಂತ ಸರಾಸರಿಯಲ್ಲಿ ಸುಮಾರು ಹತ್ತು ವರ್ಷ ಮೊದಲೇ ಸತ್ತರು. ಅರುವತ್ತನೆಯ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು ೩ ವರ್ಷ, ಐವತ್ತರಲ್ಲಿ ಬಿಟ್ಟವರಿಗೆ ೬, ನಲವತ್ತರಲ್ಲಿ ಬಿಟ್ಟವರಿಗೆ ೯ ವರ್ಷಗಳ ಆಯುಸ್ಸು ಮರಳಿ ಬಂದಿತು. ಮೂವತ್ತರಲ್ಲಿ ಬಿಟ್ಟವರಿಗೆ ಹೆಚ್ಚುಕಡಮೆ ಎಲ್ಲವೂ ಬಂದಿತು. ಬಿಡುವವರ ಪ್ರಕೃತಿಯೇ ಬೇರೆಯೆಂದು ಇಲ್ಲಿಯೂ ಒಬ್ಬನು ವಾದಿಸಬಹುದು. ಆದರೆ ಬಿಟ್ಟ ವಯಸ್ಸಿಗೆ ತಕ್ಕಂತೆ ಮೆಟ್ಟಿಲುಮೆಟ್ಟಿಲಾಗಿ ಏರುವ ಪ್ರಕೃತಿಯೊಂದನ್ನು ಕಲ್ಪಿಸಿದಾಗ ಅದು ಶಾಸ್ತ್ರದ ಊಹೆಯಾಗಿ ಉಳಿಯುವುದಿಲ್ಲ, ಹಟದ ಊಹೆಯಾಗುತ್ತದೆ.

ನಾಲ್ಕನೆಯದು ಫಿಷರರು ತಾವೇ ಕರೆದ ಸಾಕ್ಷಿಗಳಾದ ಅವಳಿಗಳದು. ಒಬ್ಬನು ಸೇದುವವನು, ಅವನ ಒಡಹುಟ್ಟಿದವನು ಸೇದದವನು. ಇಬ್ಬರ ವಂಶವಾಹಿಗಳೂ ಒಂದೇ. ಇಂತಹ ಏಕಾಂಡದ ಜೊತೆಗಳಲ್ಲಿ ರೋಗ ಯಾರಿಗೆ ಬರುತ್ತದೆಂಬುದೇ ಈ ವಿವಾದಕ್ಕೆ ನೇರವಾದ ಪರೀಕ್ಷೆ. ಡೆನ್ಮಾರ್ಕ್ ಮೊದಲಾದ ಉತ್ತರ ಯುರೋಪಿನ ದೇಶಗಳ ಒಂದು ಲಕ್ಷಕ್ಕೂ ಮಿಕ್ಕ ಅವಳಿಗಳನ್ನು ಕುರಿತು ೨೦೧೭ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಂತಹ ಏಕಾಂಡದ ಜೊತೆಗಳಲ್ಲಿ ಸೇದಿದವನಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯವು ಸೇದದವನಿಗಿಂತ ಐದು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ದ್ವ್ಯಂಡದ ಜೊತೆಗಳಲ್ಲಿಯೂ ಸುಮಾರು ಅಷ್ಟೇ. ಉಪಾಧಿಯು ಜನ್ಮಪ್ರಕೃತಿಯಾಗಿದ್ದರೆ ಏಕಾಂಡದ ಅವಳಿಗಳಲ್ಲಿ ಈ ಭೇದವು ಮಾಯವಾಗಬೇಕಾಗಿತ್ತು. ಮಾಯವಾಗಲಿಲ್ಲ.

೫

ಹೀಗೆ ಮುಗಿದಂತೆ ಕಂಡ ವಿವಾದಕ್ಕೆ ೨೦೦೮ರಲ್ಲಿ ಹೊಸ ಜೀವ ಬಂದಿತು. ಮೂರು ಸಂಶೋಧಕರ ಗುಂಪುಗಳು ಒಂದೇ ವರ್ಷದಲ್ಲಿ, ಹದಿನೈದನೆಯ ವರ್ಣತಂತುವಿನ ಒಂದೇ ಎಡೆಯಲ್ಲಿನ ಮಾರ್ಪಾಡುಗಳಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಸಂಬಂಧವಿರುವುದನ್ನು ಕಂಡುಕೊಂಡುವು. ಅಲ್ಲಿರುವುದು ಮಿದುಳಿನಲ್ಲಿ ನಿಕೋಟಿನನ್ನು ಹಿಡಿದುಕೊಳ್ಳುವ ಗ್ರಾಹಕದ ಅಂಗಗಳನ್ನು ರಚಿಸುವ ವಂಶವಾಹಿಗಳು. ಅವುಗಳಲ್ಲೊಂದರಲ್ಲಿ ಒಂದು ಅಕ್ಷರ ಬದಲಾದರೆ, ಗ್ರಾಹಕದ ೩೯೮ನೆಯ ಸ್ಥಾನದಲ್ಲಿ ಆಸ್ಪಾರ್ಟಿಕ್ ಆಮ್ಲದ ಎಡೆಗೆ ಆಸ್ಪರಜೀನ್ ಬಂದು ಕೂರುತ್ತದೆ. ಈ ಮಾರ್ಪಾಡಿನ ಒಂದೊಂದು ಪ್ರತಿಗೂ ಸೇದುವವನು ದಿನಕ್ಕೆ ಸುಮಾರು ಒಂದು ಸಿಗರೇಟನ್ನು ಹೆಚ್ಚಾಗಿ ಸೇದುತ್ತಾನೆ. ಕ್ಯಾನ್ಸರಿನ ಅಪಾಯವೂ ಒಂದೊಂದು ಪ್ರತಿಗೆ ನೂರಕ್ಕೆ ಮೂವತ್ತರಷ್ಟು ಏರುತ್ತದೆ. ಸೇದುವ ಚಟಕ್ಕೂ ಕ್ಯಾನ್ಸರಿಗೂ ಏಕಕಾಲದಲ್ಲಿ ಸಂಬಂಧಪಟ್ಟ ವಂಶವಾಹಿಯೇ ಸಿಕ್ಕಿತು. ಫಿಷರರ ಉಪಾಧಿಯು ಐವತ್ತು ವರ್ಷಗಳ ಮೇಲೆ ಪ್ರತ್ಯಕ್ಷವಾಯಿತೆಂದು ಯಾರಿಗಾದರೂ ತೋರಬಹುದು.

ಆದರೆ ಮೇಲೆ ಹೇಳಿದ ತೂಕದ ಪರೀಕ್ಷೆಗೆ ಇದನ್ನು ಒಡ್ಡಿದರೆ ಫಲವು ಬೇರೆಯಾಗುತ್ತದೆ. ಯುರೋಪಿನ ಮೂಲದ ಜನರಲ್ಲಿ ಈ ಮಾರ್ಪಾಡು ಬಹು ಸಾಮಾನ್ಯ. ನೂರು ಪ್ರತಿಗಳಲ್ಲಿ ಮೂವತ್ತೈದರಷ್ಟು ಇದೇ ಬಗೆಯವು. ಇದರ ಪ್ರಭಾವವಿರುವುದು ಸೇದುವವನು ಎಷ್ಟು ಸೇದುತ್ತಾನೆಂಬುದರ ಮೇಲೆ; ಸೇದಲು ತೊಡಗುತ್ತಾನೆಯೇ ಇಲ್ಲವೇ ಎಂಬುದರ ಮೇಲೆ ಅಷ್ಟಾಗಿ ಇಲ್ಲ. ಆದುದರಿಂದ ಸೇದುವವರಲ್ಲಿಯೂ ಸೇದದವರಲ್ಲಿಯೂ ಇದರ ಪ್ರಮಾಣ ಹೆಚ್ಚುಕಡಮೆ ಒಂದೇ. ಒಂಬತ್ತು ಪಟ್ಟಿನ ಅಂತರವೆಲ್ಲಿ, ಈ ಸಮತೆಯೆಲ್ಲಿ! ಅಲ್ಲದೆ, ಎಂದೂ ಸೇದದವರಲ್ಲಿ ಈ ಮಾರ್ಪಾಡಿಗೂ ಕ್ಯಾನ್ಸರಿಗೂ ಹೇಳಿಕೊಳ್ಳುವಂತಹ ಸಂಬಂಧ ಕಂಡಿಲ್ಲ. ಹೊಗೆಯಿಲ್ಲದೆಡೆಯಲ್ಲಿ ಈ ವಂಶವಾಹಿಯು ನಿರುಪದ್ರವಿ. ಎಂದಮೇಲೆ ಇದು ಹೊಗೆಯನ್ನು ಬಿಡಿಸುವ ಸಾಕ್ಷಿಯಲ್ಲ. ಹೊಗೆಯ ಮೂಲಕವೇ ಕೆಲಸ ಮಾಡುವ ಕಾರಣ.

ಒಂದೆರಡು ಸಿಗರೇಟಿನ ಹೆಚ್ಚಳದಿಂದ ಅಷ್ಟು ಅಪಾಯ ಹೇಗೆ ಬರುತ್ತದೆಂಬ ಆಕ್ಷೇಪ ಉಳಿದಿತ್ತು. ನಿಕೋಟಿನು ದೇಹದಲ್ಲಿ ಮಾರ್ಪಟ್ಟು ಕೋಟಿನಿನ್ ಎಂಬ ದ್ರವ್ಯವಾಗುತ್ತದೆ. ಅದರ ಅಳತೆಯಿಂದ ಒಳಹೊಕ್ಕ ಹೊಗೆಯ ನಿಜವಾದ ಪ್ರಮಾಣ ತಿಳಿಯುತ್ತದೆ. ಈ ಮಾರ್ಪಾಡಿಗೂ ಕೋಟಿನಿನ್ನಿಗೂ ಇರುವ ಸಂಬಂಧವು ಸಿಗರೇಟುಗಳ ಎಣಿಕೆಗೂ ಅದಕ್ಕೂ ಇರುವ ಸಂಬಂಧಕ್ಕಿಂತ ಬಲವಾದುದೆಂದು ೨೦೧೨ರಲ್ಲಿ ಪ್ರಕಟವಾಯಿತು. ಒಂದೇ ಸಂಖ್ಯೆಯ ಸಿಗರೇಟುಗಳಿಂದಲೂ ಒಬ್ಬನು ಮತ್ತೊಬ್ಬನಿಗಿಂತ ಹೆಚ್ಚು ಹೊಗೆಯನ್ನು ಎಳೆದುಕೊಳ್ಳಬಲ್ಲನು. ಇಲ್ಲಿ ಒಂದು ವಿಚಿತ್ರವಾದ ಸಂಗತಿಯನ್ನು ಗಮನಿಸಬೇಕು. ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳುವ ವಿಚಾರವನ್ನು ಫಿಷರರು ತಮ್ಮ ಪಕ್ಷದ ಮುಖ್ಯಾಸ್ತ್ರವಾಗಿ ಬಳಸಿದ್ದರು. ಡಾಲ್ ಮತ್ತು ಹಿಲ್ ಅವರ ಮೊದಲ ವರದಿಯಲ್ಲಿ, ಎಳೆದುಕೊಳ್ಳುವುದಾಗಿ ಹೇಳಿದವರು ರೋಗಿಗಳಲ್ಲಿ ನೂರಕ್ಕೆ ಸುಮಾರು ೬೨, ಇತರರಲ್ಲಿ ಸುಮಾರು ೬೭ ಮಂದಿ. ಹೊಗೆಯೇ ಕಾರಣವಾದರೆ ಇದು ತಿರುಗುಮುರುಗಾಗಿರಬೇಕಲ್ಲವೆ ಎಂದು ಅವರು ಹಾಸ್ಯಮಾಡಿದ್ದರು. ತಾನು ಹೊಗೆಯನ್ನು ಎಷ್ಟು ಎಳೆಯುವೆನೆಂಬುದನ್ನು ಹೇಳುವವನ ಬಾಯಿಮಾತಿಗಿಂತ ಅವನ ರಕ್ತವು ನಂಬತಕ್ಕ ಸಾಕ್ಷಿಯೆಂದು ಅರ್ಧ ಶತಮಾನದ ಮೇಲೆ ವಂಶಶಾಸ್ತ್ರವೇ ತಿಳಿಸಿತು.

೬

ಪುಸ್ತಕದ ಇನ್ನೊಂದು ದೋಷವು ಇದಕ್ಕಿಂತ ಸೂಕ್ಷ್ಮವಾದುದು, ಇಂದಿನವರೂ ಸುಲಭವಾಗಿ ಬೀಳತಕ್ಕದ್ದು. ವಂಶದಿಂದ ಬಂದುದು ಅಚಲವಾದುದೆಂಬ ಭಾವನೆ ಅದರ ಆದ್ಯಂತವೂ ಹರಿದಿದೆ. ಸ್ವೀಡನ್ನಿನ ಅವಳಿಗಳನ್ನು ಕುರಿತು ೨೦೦೦ದಲ್ಲಿ ಪ್ರಕಟವಾದ ಅಧ್ಯಯನವು ಈ ಭಾವನೆಯನ್ನು ಅಲುಗಿಸುತ್ತದೆ. ತಂಬಾಕನ್ನು ನಿತ್ಯವೂ ಬಳಸುವುದರಲ್ಲಿ ಜನರೊಳಗಿನ ಭೇದದ ನೂರಕ್ಕೆ ಸುಮಾರು ಅರುವತ್ತು ಭಾಗ ಗಂಡಸರಲ್ಲಿ ವಂಶಗುಣದಿಂದ ಬಂದುದು. ಹೆಂಗಸರಲ್ಲಿಯಾದರೋ, ೧೯೨೫ಕ್ಕೆ ಮೊದಲು ಹುಟ್ಟಿದವರಲ್ಲಿ ಆ ಭಾಗವು ಶೂನ್ಯ. ೧೯೪೦ರ ಮೇಲೆ ಹುಟ್ಟಿದವರಲ್ಲಿ ಅದು ಗಂಡಸರಿಗೆ ಸಮವಾಯಿತು. ಆ ದೇಶದ ಹೆಂಗಸರ ವಂಶವಾಹಿಗಳು ಬದಲಾಗಲಿಲ್ಲ, ಸಮಾಜದ ಕಟ್ಟಳೆ ಬದಲಾಯಿತು. ಹೆಂಗಸು ಸೇದಕೂಡದೆಂದು ಲೋಕವು ತಡೆದಿದ್ದ ಕಾಲದಲ್ಲಿ, ಯಾವಳ ಪ್ರಕೃತಿ ಹೇಗಿದ್ದರೂ ಅದು ಹೊರಗೆ ಬರಲು ಎಡೆಯಿರಲಿಲ್ಲ.

ಮದ್ಯಪಾನದಲ್ಲಿ ಇದರ ಮತ್ತೊಂದು ಮುಖವು ಕಾಣುತ್ತದೆ. ಮದ್ಯವು ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷದ್ರವ್ಯವಾಗಿ, ಆಮೇಲೆ ಇನ್ನೊಂದು ಕಿಣ್ವದಿಂದ ನಿರಪಾಯವಾಗುತ್ತದೆ. ಜಪಾನು ಚೀನಗಳ ಅನೇಕರಲ್ಲಿ ಈ ಎರಡನೆಯ ಕಿಣ್ವದ ವಂಶವಾಹಿಯು ದುರ್ಬಲವಾದ ರೂಪದಲ್ಲಿದೆ. ಅಂಥವರು ಸ್ವಲ್ಪ ಕುಡಿದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಹೊಟ್ಟೆ ತೊಳಸುತ್ತದೆ. ಹುಟ್ಟಿನಿಂದಲೇ ಬಂದ ಇಂತಹ ಕಾವಲು ಇರುವವರು ಕುಡುಕರಾಗುವುದು ಅಪರೂಪ. ಆದರೂ ಜಪಾನಿನ ಮದ್ಯವ್ಯಸನಿಗಳಲ್ಲಿ ಈ ದುರ್ಬಲ ರೂಪದ ಒಂದು ಪ್ರತಿಯನ್ನು ಹೊಂದಿದವರು ೧೯೭೯ರಲ್ಲಿ ನೂರಕ್ಕೆ ೨.೫ರಷ್ಟಿದ್ದು, ೧೯೮೬ರಲ್ಲಿ ೮ರಷ್ಟಾಗಿ, ೧೯೯೨ರಲ್ಲಿ ೧೩ಕ್ಕೆ ಏರಿದರು. ಹದಿಮೂರು ವರ್ಷಗಳಲ್ಲಿ ವಂಶವಾಹಿ ಬದಲಾಗದು; ಗೆಳೆಯರೊಡನೆಯೂ ಕಛೇರಿಯ ಮೇಲಿನವರೊಡನೆಯೂ ಕುಡಿಯಲೇಬೇಕೆಂಬ ಒತ್ತಾಯವು ಹುಟ್ಟಿನ ಕಾವಲನ್ನೂ ಮುರಿಯಬಲ್ಲದೆಂದೇ ತಿಳಿಯಬೇಕಾಗುತ್ತದೆ. ಸ್ವೀಡನ್ನಿನಲ್ಲಿ ಸಮಾಜದ ತಡೆ ಪ್ರಕೃತಿಯನ್ನು ಅಡಗಿಸಿತು. ಜಪಾನಿನಲ್ಲಿ ಸಮಾಜದ ಒತ್ತಡ ಪ್ರಕೃತಿಯನ್ನು ಮೀರಿತು. ಹುಟ್ಟುಗುಣವು ಸುಟ್ಟರೂ ಹೋಗದಿರಬಹುದು. ಆದರೆ ಅದು ಫಲಿಸುವುದೂ ಫಲಿಸದಿರುವುದೂ ನೆಲವನ್ನು ಅವಲಂಬಿಸಿದೆ.

೭

ವಂಶವಾಹಿಗಳನ್ನು ಕಾರಣವಿಚಾರದಲ್ಲಿ ಬಳಸಲೇಬಾರದೆಂದು ಇದರಿಂದ ಹೇಳಿದಂತಾಗುವುದಿಲ್ಲ. ಫಿಷರರು ಹೊಲದ ಪ್ರಯೋಗಗಳಿಗೆ ಕೊಟ್ಟ ಶ್ರೇಷ್ಠವಾದ ನಿಯಮವೆಂದರೆ, ಯಾವ ಮಡಿಗೆ ಯಾವ ಗೊಬ್ಬರವೆಂಬುದನ್ನು ಚೀಟಿಯೆತ್ತಿ ನಿಶ್ಚಯಿಸಬೇಕೆಂಬುದು. ತಾಯಿತಂದೆಗಳ ಎರಡು ಪ್ರತಿಗಳಲ್ಲಿ ಯಾವುದು ಮಗುವಿಗೆ ಬರುತ್ತದೆಂಬುದನ್ನೂ ನಿಸರ್ಗವು ಚೀಟಿಯೆತ್ತಿದಂತೆಯೇ ನಿಶ್ಚಯಿಸುತ್ತದೆ. ಚೀನದಲ್ಲಿ ಐದು ಲಕ್ಷ ವಯಸ್ಕರನ್ನು ಕುರಿತು ನಡೆದ, ೨೦೧೯ರಲ್ಲಿ ಪ್ರಕಟವಾದ ಅಧ್ಯಯನವು ಈ ನಿಸರ್ಗದ ಚೀಟಿಯನ್ನು ಬಳಸಿಕೊಂಡಿತು. ಮಿತವಾಗಿ ಕುಡಿಯುವವರಿಗೆ ಮಿದುಳಿನ ಆಘಾತವು ಕುಡಿಯದವರಿಗಿಂತ ಕಡಮೆಯೆಂದು ಹಳೆಯ ರೀತಿಯ ಲೆಕ್ಕವು ಹೇಳುತ್ತಿತ್ತು. ಕುಡಿತವನ್ನು ಕಡಮೆಮಾಡುವ ವಂಶವಾಹಿಗಳಿಗೆ ಅನುಸಾರವಾಗಿ ಜನರನ್ನು ವಿಂಗಡಿಸಿ ನೋಡಿದಾಗ ಆ ರಕ್ಷಣೆಯು ಕಾಣಲಿಲ್ಲ. ಕುಡಿತ ಹೆಚ್ಚಿದಂತೆ ರಕ್ತದ ಒತ್ತಡವೂ ಆಘಾತವೂ ಹೆಚ್ಚಿದವು. ಆ ದೇಶದ ಹೆಂಗಸರು ಕುಡಿಯುವುದು ಬಹಳ ವಿರಳ. ಅವರಲ್ಲಿ ಅದೇ ವಂಶವಾಹಿಗಳಿಗೂ ರಕ್ತದ ಒತ್ತಡಕ್ಕೂ ಸಂಬಂಧವೇ ಕಾಣಲಿಲ್ಲ. ವಂಶವಾಹಿಯು ಮದ್ಯದ ಮೂಲಕವಲ್ಲದೆ ಬೇರೆ ದಾರಿಯಿಂದ ಕೆಲಸಮಾಡುತ್ತಿಲ್ಲವೆಂಬುದಕ್ಕೆ ಇದು ಪ್ರಬಲವಾದ ಪ್ರಮಾಣ. ವಸ್ತುವನ್ನು ಬಿಡಿಸಲೆಂದು ಫಿಷರರು ಕರೆತಂದ ಸಾಕ್ಷಿಯು ಹೀಗೆ ವಸ್ತುವಿಗೆ ವಿರುದ್ಧವಾಗಿಯೇ ಸಾಕ್ಷ್ಯ ನುಡಿಯಿತು.

ಇಂದಿನ ಹೊಸ ಸಂಶೋಧನಗಳನ್ನು ಓದುವವರಿಗೂ ಇಲ್ಲಿ ಪಾಠವುಂಟು. ೨೦೧೯ರಲ್ಲಿ ಹನ್ನೆರಡು ಲಕ್ಷ ಜನರನ್ನು ಪರೀಕ್ಷಿಸಿ ತಂಬಾಕು ಮತ್ತು ಮದ್ಯದ ಬಳಕೆಗೆ ಸಂಬಂಧಪಟ್ಟ ೫೬೬ ಮಾರ್ಪಾಡುಗಳನ್ನು ಗುರುತಿಸಲಾಯಿತು. ೨೦೨೨ರಲ್ಲಿ ಮೂವತ್ತನಾಲ್ಕು ಲಕ್ಷ ಜನರನ್ನು ಪರೀಕ್ಷಿಸಿದಾಗ ಆ ಸಂಖ್ಯೆ ಮೂರು ಸಾವಿರದ ಎಂಟುನೂರನ್ನು ಮೀರಿತು. ಒಂದೊಂದರ ಬಲವೂ ಅತ್ಯಲ್ಪ. ಪರೀಕ್ಷೆಗೊಳಗಾದವರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಜನ ಯುರೋಪಿನ ಮೂಲದವರು. ಅವರ ಅಂಕಿಗಳಿಂದ ಕಟ್ಟಿದ ಲೆಕ್ಕವು ಇತರ ಮೂಲದವರಿಗೆ ಅಷ್ಟಾಗಿ ಹೊಂದಲಿಲ್ಲ. 'ಕುಡುಕತನದ ವಂಶವಾಹಿ', 'ಸಿಗರೇಟಿನ ವಂಶವಾಹಿ' ಎಂಬ ಮಾತುಗಳು ಲೋಕದಲ್ಲಿ ಹರಡಿದರೂ ಶಾಸ್ತ್ರದಲ್ಲಿ ಅವಕ್ಕೆ ಆಧಾರವಿಲ್ಲ. ೧೯೯೦ರಲ್ಲಿ ೩೫ ಮದ್ಯವ್ಯಸನಿಗಳನ್ನೂ ೩೫ ಇತರರನ್ನೂ ಹೋಲಿಸಿ ಅಂತಹ ಒಂದನ್ನು ಕಂಡುಹಿಡಿದೆವೆಂದವರ ಫಲವನ್ನು ಅದೇ ವರ್ಷ ಬೇರೆಯವರು ಪರೀಕ್ಷಿಸಿದಾಗ ಅದು ನಿಲ್ಲಲಿಲ್ಲ.

೮

ಒಟ್ಟಿನಲ್ಲಿ ತೂಗಿ ನೋಡಿದರೆ, ಫಿಷರರ ಪುಸ್ತಕವು ಎತ್ತಿದ ಪ್ರಶ್ನೆಯು ಯೋಗ್ಯವಾದುದು. ಅವರ ಒಂದು ಪ್ರತಿಜ್ಞೆ ಸತ್ಯವಾದುದು. ಅವರ ತೀರ್ಮಾನ ಅಸತ್ಯವಾದುದು. ಧೂಮಪಾನದ ಒಲವಿನಲ್ಲಿ ಹ��ಟ್ಟಿಗೆ ಪಾಲುಂಟು. ಆದರೆ ಒಲವಿಗೆ ಕಾರಣವಿದ್ದ ಮಾತ್ರಕ್ಕೆ ಒಲಿದ ವಸ್ತುವು ನಿರ್ದೋಷಿಯಾಗದು. ಬೆಟ್ಟದ ಅಂಚಿಗೆ ನಡೆದುಹೋಗುವ ಸ್ವಭಾವವು ಒಬ್ಬನಿಗೆ ಹುಟ್ಟಿನಿಂದ ಬಂದುದಾದರೂ, ಅವನನ್ನು ಕೊಲ್ಲುವುದು ಬಿದ್ದ ಆಳವೇ ಹೊರತು ಆ ಸ್ವಭಾವವಲ್ಲ. ಶಂಕಿಸುವುದು ವಿದ್ವಾಂಸನ ಧರ್ಮ. ಶಂಕೆಯನ್ನೂ ಅದೇ ಒರೆಗಲ್ಲಿಗೆ ಹಚ್ಚುವುದು ಅದಕ್ಕಿಂತ ಹಿರಿದಾದ ಧರ್ಮ. ಫಿಷರರು ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಮರೆತರು.

ಈ ಮರೆವಿನ ಬೆಲೆಯನ್ನು ತೆತ್ತವರು ಅವರಲ್ಲ. ಮಹಾವಿದ್ವಾಂಸರೇ ಒಪ್ಪಿಲ್ಲವೆಂಬ ನೆವವು ತಂಬಾಕಿನ ವ್ಯಾಪಾರಕ್ಕೆ ದೊರೆತ ವರ್ಷಗಳಲ್ಲಿ, ಬಿಡಬಹುದಾಗಿದ್ದವರು ಬಿಡದೆ ಉಳಿದರು. ನಲವತ್ತನೆಯ ವಯಸ್ಸಿನಲ್ಲಿ ಬಿಟ್ಟವನಿಗೆ ಒಂಬತ್ತು ವರ್ಷಗಳ ಆಯುಸ್ಸು ಮರಳುತ್ತದೆಂಬ ಲೆಕ್ಕವನ್ನು ನೆನೆದರೆ, ಒಂದೊಂದು ವರ್ಷದ ಸಂದೇಹಕ್ಕೂ ಎಷ್ಟು ಬೆಲೆಯೆಂಬುದು ವಿಶದವಾಗುತ್ತದೆ. ವಂಶವಾಹಿಗಳ ಹೊಸ ಪಟ್ಟಿಗಳನ್ನು ಕೈಗೆತ್ತಿಕೊಳ್ಳುವವರು, 'ಇದು ಹುಟ್ಟಿನಿಂದ ಬಂದುದು' ಎಂಬ ವಾಕ್ಯದ ಮುಂದೆ 'ಆದುದರಿಂದ' ಎಂಬ ಪದವನ್ನು ಸೇರಿಸುವ ಮೊದಲು ಈ ಕಿರುಹೊತ್ತಗೆಯನ್ನು ಒಮ್ಮೆ ಓದುವುದು ಒಳಿತು. ಆ ಪದದ ಬಳಿಯಲ್ಲಿಯೇ ಅಷ್ಟು ದೊಡ್ಡವರು ಎಡವಿದುದು.